ನಾಲ್ಕು ಸಾಲಿನ ಶಿಫಾರಸು

ಸರಾಯೆವೊ
ಫೆಬ್ರವರಿ 11, 2024, ಭಾನುವಾರ

ಪ್ರೀತಿಯ ಲ್ಯೆರ್ಕಾ,

ನಿನ್ನ ಆಗಸ್ಟ್ ತಿಂಗಳ ಕಾಗದ ಐದು ತಿಂಗಳಿನಿಂದ ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದೆ. ಅದರ ಮೇಲೆ ಎರಡು ಸಲ ಕಾಫಿ ಚೆಲ್ಲಿದ್ದೇನೆ, ಒಮ್ಮೆ ಯಾರದೋ ಫೋನ್ ನಂಬರು ಗೀಚಿದ್ದೇನೆ, ಉತ್ತರ ಮಾತ್ರ ಬರೆದಿಲ್ಲ. ಕ್ಷಮಿಸು. ಊರಿಗೆಲ್ಲ 'ಕೊನೆಯ ದಿನಾಂಕ ಮೀರಬೇಡಿ' ಎಂದು ಪಾಠ ಹೇಳಿ ಸಂಬಳ ತಿನ್ನುವವಳು ನಾನು. ನನ್ನ ಮನೆಯ ವಿಷಯಕ್ಕೆ ಬಂದರೆ ದಿನವೂ ಇಲ್ಲ, ಅಂಕವೂ ಇಲ್ಲ, ಅಂಕೆಯೂ ಇಲ್ಲ.

ನಿನ್ನ ಮೊಣಕಾಲು ಹೇಗಿದೆ? ನಿನ್ನ ಗಂಡ ಬೋಜೊ ದೋಣಿಗೆ ಇನ್ನೂ ಬಣ್ಣ ಬಳಿಯುತ್ತಲೇ ಇದ್ದಾನೋ, ಈ ಬೇಸಿಗೆಯಲ್ಲಾದರೂ ಅದನ್ನು ಪೂಲಾದ ಸಮುದ್ರಕ್ಕೆ ತೋರಿಸುತ್ತಾನೋ? ನಿನ್ನ ಶಾಲೆಯ ಮಕ್ಕಳು ಬರೆದ ಕಪ್ಪೆಯ ಚಿತ್ರ ಬಂತು. ಕಪ್ಪೆಗೆ ಮೀಸೆ ಬಿಡಿಸಿದ ಹುಡುಗನಿಗೆ ಹತ್ತಕ್ಕೆ ಹತ್ತು ಕೊಡು. ಅವನಿಗೆ ಮುಂದೆ ಅನುದಾನ ಸಿಗುವುದು ಖಂಡಿತ. ಇಲ್ಲದ್ದನ್ನು ಇದೆ ಎಂದು ಬರೆಯುವ ಕಲೆ ಈಗಲೇ ಕೈಗೆ ಹತ್ತಿದೆ.

ನನ್ನ ಕಚೇರಿ ಇನ್ನೂ ಬಾಯ್ಲರ್ ಕೋಣೆಯ ಪಕ್ಕದಲ್ಲೇ ಇದೆ. ಬಾಗಿಲ ಮೇಲೆ 'ಸಂಶೋಧಕರ ನೆರವು ಮತ್ತು ತರಬೇತಿ ಘಟಕ' ಎಂಬ ಫಲಕ. ಘಟಕವೆಂದರೆ ಈ ಘಟವೊಂದೇ. ದಿನಾ ಬೆಳಿಗ್ಗೆ ಬಂದು ಲೋಕದ ಪ್ರಕಟಣೆಗಳನ್ನೆಲ್ಲ ಓದುತ್ತೇನೆ. ಒಬ್ಬರಿಗೆ ಮೂವತ್ತು ದಾಟದ, ಆದರೆ ಹದಿನೈದು ವರ್ಷದ ಅನುಭವವಿರುವ ಯುವಕ ಬೇಕು. ಇನ್ನೊಬ್ಬರಿಗೆ ಆಲ್ಪ್ಸ್ ಬೆಟ್ಟದ ಹಾವಸೆಯನ್ನು ಪ್ರೀತಿಸುವ, ಆದರೆ ಆಲ್ಪ್ಸ್ ಬೆಟ್ಟದಲ್ಲಿ ಹುಟ್ಟಿರದ ಮಹಿಳೆ ಬೇಕು. ಇವರನ್ನೆಲ್ಲ ನಮ್ಮ ಮಕ್ಕಳ ಜೊತೆ ಜೋಡಿಸಬೇಕು. ಮದುವೆ ದಲ್ಲಾಳಿಯ ಕೆಲಸವೇ ಸರಿ, ಬಂದವರಿಗೆ ನಾನೇ ಕಾಫಿ ಕೊಡಬೇಕು ಎಂಬುದೊಂದು ವ್ಯತ್ಯಾಸ. ನಮ್ಮಲ್ಲಿ ಡಾಕ್ಟರೇಟ್ ಮುಗಿಸಿದವರಿಗೆ ವೇತನ ಕಡಿಮೆ, ವೇದನೆ ಭರ್ತಿ. ಆದರೂ ಬರುತ್ತಾರೆ ಮಾರಾಯ್ತಿ! ಕಳೆದ ವರ್ಷ ಒಬ್ಬ ಬಂದು, ನೊಣದ ಕಾಲಿನ ರೋಮದ ಮೇಲೆ ಕೂರುವ ಇನ್ನೊಂದು ಜೀವಿಯ ಬಗ್ಗೆ ಒಂದು ಗಂಟೆ ಹೇಳಿ ಹೋದ. ಅವನು ಹೋದ ಮೇಲೆ ಕಿಟಕಿಯ ನೊಣವನ್ನು ಓಡಿಸಲು ನನ್ನ ಕೈ ಬರಲಿಲ್ಲ.

ಇವತ್ತು ಬರೆಯುತ್ತಿರುವುದು ವೆದ್ರಾನಾ ಎಂಬ ಹುಡುಗಿಯ ಕಥೆ. ಈ ಕಥೆಯಲ್ಲಿ ಪ್ರೊಫೆಸರ್ ಫೆಹಿಮ್ ಸೊಫ್ತಿಚ್ ಕೂಡ ಬರುತ್ತಾರೆ. ಅವರ ಹೆಸರು ಕೇಳಿದರೆ ನಿನ್ನ ಮುಖ ಹೇಗಾಗುತ್ತದೆಂದು ಇಲ್ಲಿಂದಲೇ ಕಾಣುತ್ತಿದೆ. ಕಾಗದ ಮಡಚಿಡಬೇಡ. ನಮಗಿಬ್ಬರಿಗೂ ಪಾಠ ಹೇಳಿದವರು, ಎಂಬತ್ತೊಂದು ವಯಸ್ಸಾಗಿದೆ, ಇಷ್ಟು ರಿಯಾಯಿತಿ ಕೊಡು.

ವೆದ್ರಾನಾ ಸೊಫ್ತಿಚರ ಕೊನೆಯ ವಿದ್ಯಾರ್ಥಿನಿ. ಟ್ರೆಬಿನ್ಯೆ ಕಡೆಯವಳು, ತೆಳ್ಳಗೆ ಬೆಂಕಿಕಡ್ಡಿಯ ಹಾಗೆ ಇದ್ದಾಳೆ, ಗೀರಿದರೆ ಹತ್ತಿಕೊಳ್ಳುವುದೂ ಹಾಗೆಯೇ. ಡಾಕ್ಟರೇಟ್ ಆಗಿ ಐದು ವರ್ಷ. ನಮ್ಮಲ್ಲಿ ಹುದ್ದೆಯಿಲ್ಲದೆ ಬೂನಾ ಹೊಳೆಯ ಬಳಿ ಟ್ರೌಟ್ ಮೀನು ಸಾಕುವವರಲ್ಲಿ ಕೆಲಸಕ್ಕಿದ್ದಳು. ಮೀನುಗಳಿಗೆ ಹೊತ್ತು ಹೊತ್ತಿಗೆ ಊಟ ಹಾಕಿ ತಾನು ಬ್ರೆಡ್ಡು ತಿನ್ನುತ್ತಿದ್ದಳು. ತಿಂಗಳಿಗೆರಡು ಶನಿವಾರ ಬಸ್ಸು ಹತ್ತಿ ತನ್ನ ಗುಹೆಗೆ ಹೋಗುವುದು. ಅಲ್ಲಿ ಅವಳ ಮನುಷ್ಯಮೀನುಗಳಿವೆ.

ಕಾಲೇಜಿನ ಮೂರನೇ ವರ್ಷದಲ್ಲಿ ಗಾಜಿನ ತೊಟ್ಟಿಯಲ್ಲಿ ನಾವೂ ನೋಡಿದ್ದೆವು, ಹೆಸರಿಗೆ ಮೀನು, ಕುಲಕ್ಕೆ ಕಪ್ಪೆಯ ನೆಂಟ. ಮಗುವಿನ ತೊಡೆಯ ಬಣ್ಣ, ಕಣ್ಣಿಲ್ಲ, ಕತ್ತಿನ ಎರಡೂ ಕಡೆ ಕೆಂಪು ಗರಿಯಂಥ ಕಿವಿರು, ಕಡ್ಡಿಯಂಥ ನಾಲ್ಕು ಕಾಲು. 'ಯಾರೋ ಅರ್ಧ ಮಾಡಿ ಮರೆತು ಹೋದ ಹಾಗಿದೆ' ಎಂದು ನೀನು ಹೇಳಿದ್ದೆ. ಕಳೆದ ಜುಲೈನಲ್ಲಿ ಈ ಹುಡುಗಿ ನನ್ನನ್ನು ಎಳೆದುಕೊಂಡೇ ಹೋದಳು. ಮೂವತ್ತೆರಡು ವರ್ಷದ ಮೇಲೆ ನಾನು ಗುಹೆಗೆ ಇಳಿದೆ. ಹೊಟ್ಟೆಯ ಮೇಲೆ ತೆವಳಿ ಒಂದು ಕೊಳದ ಅಂಚಿಗೆ ಬಂದೆವು. ಅವಳು ಬಿಳಿ ದೀಪ ಆರಿಸಿ ಕೆಂಪು ದೀಪ ಹಚ್ಚಿದಳು.

"ಮೆಲ್ಲಗೆ ಮೇಡಂ. ಡೀನ್ ಸಾಹೇಬ್ರು ಕೂತಿದಾರೆ" ಎಂದಳು.

"ಯಾವ ಡೀನು?"

"ಅಗೋ, ಆ ಕಲ್ಲಿನ ಪಕ್ಕ. ಏಳು ವರ್ಷದಿಂದ ಸೀಟು ಬಿಟ್ಟಿಲ್ಲ. ಅದಕ್ಕೇ ಆ ಹೆಸರು. ಆ ಕಡೆ ಎರಡು ಗೇಣು, ಈ ಕಡೆ ಎರಡು ಗೇಣು, ಅಷ್ಟೇ ಅವರ ಓಡಾಟ. ಪ್ರತಿ ಸಲ ಅಳತೆ ಮಾಡಿದೀನಿ."

"ಊಟ?"

"ನಾನು ಕಣ್ಣಾರೆ ಕಂಡಿದ್ದು ಒಂದೇ ಸಲ. ಒಂದು ಸಿಗಡಿ. ಅದೂ ಪಾಪ ತಾನಾಗಿ ಬಾಯಿ ಹತ್ರ ಬಂದಿದ್ದಕ್ಕೆ."

"ವರ್ಷಗಟ್ಟಲೆ ಉಪವಾಸ, ಕತ್ತಲೆಯಲ್ಲಿ ವಾಸ, ಬದುಕಿದ್ಯೋ ಇಲ್ವೋ ಯಾರಿಗೂ ಗೊತ್ತಿಲ್ಲ. ಪಕ್ಕಾ ಪೋಸ್ಟ್ ಡಾಕ್ಟರಲ್ ಕಣೇ ಇದು!" ಎಂದೆ.

ಅವಳು ನಗಲು ಬಾಯಿ ತೆರೆದವಳು ಕೈಯಿಂದ ಮುಚ್ಚಿಕೊಂಡಳು. ನಗೆಗೆ ನೀರು ಅಲುಗಿದರೆ ಡೀನರಿಗೆ ತಿಳಿಯುತ್ತದಂತೆ. ಆ ಕೆಂಪು ಬೆಳಕಿನಲ್ಲಿ ಕಿವಿರಿನ ಗರಿಯೊಳಗೆ ರಕ್ತ ಬಂದು ಹೋಗುವುದು ಕಾಣುತ್ತಿತ್ತು. ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಇವು ನೂರು ವರ್ಷ ಬದುಕುತ್ತವೆಂದು ಹೇಳುವವರಿದ್ದಾರೆ. ಹಾಗಿದ್ದರೆ ಮೇಲೆ ಎಷ್ಟು ಬಾವುಟ ಬದಲಾದರೂ ಅದು ಅಲ್ಲೇ ಇತ್ತು. ನಾನು ಎಷ್ಟು ಹೊತ್ತು ಅಲ್ಲಿ ಮಲಗಿದ್ದೆನೋ ತಿಳಿಯದು. ಮೇಲೆ ಬಂದ ಮೇಲೆ ಎದೆಯ ಬಟ್ಟೆಯೆಲ್ಲ ಒದ್ದೆಯಾಗಿದ್ದದ್ದು ಗೊತ್ತಾಯಿತು. ಯಾಕೆ ಒಂದೇ ಕಡೆ ಕೂರುತ್ತದೆ, ಏನನ್ನು ಕಾಯುತ್ತದೆ? ಯಾರಿಗೂ ತಿಳಿಯದು. ಅದನ್ನು ತಿಳಿಯುವುದೇ ವೆದ್ರಾನಾಳ ಬದುಕಿನ ಪ್ರಶ್ನೆ.

ಆ ಪ್ರಶ್ನೆಗೆ ಸರಿಯಾಗಿ ಹೊಂದುವ ಒಂದು ಪ್ರಕಟಣೆ ನನಗೆ ಸಿಕ್ಕಿತ್ತು. ವಿಯೆನ್ನಾದ ಒಂದು ಸಣ್ಣ ಪ್ರತಿಷ್ಠಾನ. ನಾರ್ವೆಯ ಪ್ರಯೋಗಾಲಯದಲ್ಲಿ ಎರಡು ವರ್ಷ ತರಬೇತಿ, ಸಂಬಳ; ಪ್ರಾಣಿಯನ್ನು ಮುಟ್ಟದೆ ಕೆಣಕದೆ ಅದರ ಉಸಿರನ್ನು ಅಳೆಯುವ ಉಪಕರಣ ಮಾಡುವುದನ್ನು ಕಲಿಸುತ್ತಾರೆ. ಇಡೀ ಯುರೋಪಿಗೆ ಐದೇ ಜಾಗ. ಡಾಕ್ಟರೇಟ್ ಪಡೆದು ಐದು ವರ್ಷ ಮೀರಿರಬಾರದು. ಅವಳ ಐದು ವರ್ಷ ಅಕ್ಟೋಬರ್ ಹನ್ನೆರಡಕ್ಕೆ ಮುಗಿಯುತ್ತಿತ್ತು. ಅರ್ಜಿಗೆ ಕೊನೆಯ ದಿನ ಸೆಪ್ಟೆಂಬರ್ 29, ಮಧ್ಯಾಹ್ನ ಹನ್ನೆರಡು. ಅಂದರೆ ಇದೇ ಮೊದಲು, ಇದೇ ಕೊನೆ. ತಪ್ಪಿದರೆ ಟ್ರೌಟ್ ಮಾಲೀಕ ಅವಳಿಗೆ ಖಾಯಂ ಮೇಲ್ವಿಚಾರಕಿಯ ಕೆಲಸ ಕೊಡುವವನಿದ್ದ, ಶನಿವಾರ ರಜೆ ಇಲ್ಲ ಎಂಬ ಷರತ್ತಿನ ಮೇಲೆ. 'ಸಹಿ ಹಾಕಿದ್ರೆ ಗುಹೆ ಮುಗೀತು ಮೇಡಂ' ಎಂದಿದ್ದಳು.

ಅರ್ಜಿಯನ್ನು ನಾವಿಬ್ಬರೂ ಹನ್ನೊಂದು ಸಲ ತಿದ್ದಿದೆವು. ಉಳಿದದ್ದು ಒಂದೇ, ಮಾರ್ಗದರ್ಶಕರ ಶಿಫಾರಸು ಪತ್ರ. ಸೊಫ್ತಿಚರದು ಸೆಪ್ಟೆಂಬರ್ 26ಕ್ಕೆ ಬಂತು. ಪೂರ್ತಿ ಇಳಿಸುತ್ತೇನೆ, ಓದು:

'ವೆದ್ರಾನಾ ನನ್ನ ಪ್ರಯೋಗಾಲಯದಲ್ಲಿ ಏಳು ವರ್ಷ ಇದ್ದರು. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಉಪಕರಣಗಳನ್ನು ಒಡೆದಿಲ್ಲ. ಅವರ ಮೇಲೆ ದೂರುಗಳಿಲ್ಲ.'

ಕೆಳಗೆ ಸಹಿ, ಅದರ ಮೇಲೆ ದುಂಡನೆಯ ಮೊಹರು. ಹಳೆಯ ಕಾಲದಲ್ಲಿ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುವವನಿಗೆ ಕೊಡುತ್ತಿದ್ದ ನಡತೆ ಪತ್ರವೇ! ಶಿಫಾರಸು ಎಂಬ ಪದದಲ್ಲೇ ರಸವಿದೆ, ಇವರ ಪತ್ರದಲ್ಲಿ ಹನಿಯಿಲ್ಲ. ಬೇರೆ ದೇಶದ ಪ್ರೊಫೆಸರುಗಳು ತಮ್ಮ ವಿದ್ಯಾರ್ಥಿ ಸೀನಿದರೂ 'ಜಾಗತಿಕ ಮಟ್ಟದ ಸೀನು' ಎಂದು ಬರೆಯುತ್ತಾರೆ. ಅವುಗಳ ನಡುವೆ 'ಒಡೆದಿಲ್ಲ' ಎಂದು ಬಂದರೆ, ಏನೋ ಒಡೆದಿರಬೇಕು, ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಜೊತೆಗೊಂದು ನಮೂನೆಯಿತ್ತು: 'ಈ ಅಭ್ಯರ್ಥಿ ನೀವು ಕಂಡವರಲ್ಲಿ ಮೊದಲ ಶೇಕಡಾ ಒಂದೋ, ಐದೋ, ಹತ್ತೋ?' ಸೊಫ್ತಿಚ್ ಯಾವುದಕ್ಕೂ ಗುರುತು ಹಾಕದೆ ಅಂಚಿನಲ್ಲಿ ಬರೆದಿದ್ದರು: 'ಎಲ್ಲರನ್ನೂ ಇವರಷ್ಟು ಹೊತ್ತು ನೋಡಿಲ್ಲ. ಹೋಲಿಸಲಾರೆ.'

ಇದು ಹೊಸದೇನಲ್ಲ. ನಾನು ಈ ಕುರ್ಚಿಗೆ ಬಂದ ಲಾಗಾಯ್ತು ಸೊಫ್ತಿಚರ ವಿದ್ಯಾರ್ಥಿಗಳದ್ದೆಲ್ಲ ಇದೇ ಗೋಳು. ಚಿನ್ನದಂಥ ಮಕ್ಕಳು, ಚೀಟಿಯಂಥ ಪತ್ರ. ಒಬ್ಬ ಈಗ ಲಿಂಜ್‌ನಲ್ಲಿ ಟ್ರಕ್ ಓಡಿಸುತ್ತಾನೆ, ಒಬ್ಬಳು ಔಷಧಿ ಅಂಗಡಿಯಲ್ಲಿದ್ದಾಳೆ. ಪ್ರತಿ ಸಲವೂ ಜಗಳವಾಡಿದ್ದೇನೆ, ಪ್ರತಿ ಸಲವೂ ಸೋತಿದ್ದೇನೆ.

ಈ ಸಲ ಬಿಡುವುದಿಲ್ಲವೆಂದು 27ರ ಮಧ್ಯಾಹ್ನ ವ್ರಾತ್ನಿಕ್‌ನ ಸೊಫ್ತಿಚರ ಮನೆಯ ಏರು ಹತ್ತಿದೆ. ಬಾಗಿಲು ತೆರೆದವರೇ, "ಬಾ ಹುಡುಗಿ, ದಪ್ಪ ಆಗಿದೀಯ" ಎಂದರು. ಐವತ್ತೆಂಟರ ಹೆಂಗಸನ್ನು ಒಂದೇ ವಾಕ್ಯದಲ್ಲಿ ಹೊಗಳಿ ತೆಗಳಿದ ಖ್ಯಾತಿ ಇವರಿಗೇ ಸಲ್ಲಬೇಕು. ಕಾಫಿ ತಂದರು. ನಮ್ಮಲ್ಲಿ ಬರಮಾಡಿಕೊಳ್ಳಲು ಒಂದು, ಹರಟೆಗೆ ಒಂದು, 'ಇನ್ನು ಎದ್ದು ಹೋಗಿ' ಎನ್ನಲು ಒಂದು, ಹೀಗೆ ಮೂರು ಕಾಫಿ ತಾನೆ. ಅವರು ಸಕ್ಕರೆಯ ತುಂಡಿಡುತ್ತ ಹೇಳಿದರು:

"ಇದು ಮೂರನೇದು. ಮೊದಲಿನ ಎರಡು ನೀನು ಬರೋಕೆ ಮುಂಚೆ ನಾನೇ ಕುಡಿದೆ. ಯಾಕೆ ಬಂದಿದೀಯ ಗೊತ್ತು."

"ಗೊತ್ತಿದ್ರೆ ಒಳ್ಳೇದಾಯ್ತು. ಪ್ರೊಫೆಸರ್ರೇ, ಏನ್ರೀ ಅದು, 'ಒಡೆದಿಲ್ಲ'? ಮನೆ ಕೆಲಸದವಳಿಗೆ ಬರೆದ ಹಾಗೆ!"

"ಒಡೆದಿಲ್ವಲ್ಲ. ಸುಳ್ಳು ಬರೀಲಾ?"

"ಅವಳು ಬುದ್ಧಿವಂತೆ ಅಂತ ಬರೀರಿ."

"ಅವರು ಅರ್ಜಿ ಓದ್ತಾರಲ್ಲ, ಓದಿದ್ರೆ ತಿಳಿಯುತ್ತೆ. ಓದಿದ್ರೂ ತಿಳೀದೋರಿಗೆ ನಾನು ಹೇಳಿದ್ರೂ ತಿಳಿಯಲ್ಲ."

"ಅಸಾಧಾರಣ ಪ್ರತಿಭೆ ಅಂತ ಎರಡೇ ಎರಡು ಪದ..."

"ಹೊಗಳಿಕೆ ಒಳ್ಳೇದಲ್ಲ ಮುಬೇರಾ. ನಾನು ಬರೆಯಲ್ಲ. ಕಾಫಿ ಆರ್ತಾ ಇದೆ."

ನಲವತ್ತು ನಿಮಿಷ ಹೀಗೇ. ಬೇಡಿದೆ, ಗದರಿದೆ, ಹುಡುಗಿಯ ಬ್ರೆಡ್ಡಿನ ಕಥೆ ಹೇಳಿದೆ. ಅರ್ಜಿಗಿಂತ ಮರ್ಜಿ ದೊಡ್ಡದು ಎಂದು ಮನಸ್ಸಿನಲ್ಲೇ ಶಪಿಸಿ ಕೋಟು ಹಾಕಿಕೊಂಡೆ. ಒಂದು ತೋಳು ಒಳಗೆ, ಒಂದು ಹೊರಗೆ. ಆಗ ಸಿಟ್ಟಿನಲ್ಲೇ ಬಾಯಿಗೆ ಬಂದದ್ದನ್ನು ಹೇಳಿದೆ:

"ಹೊಗಳಬೇಡಿ ಬಿಡಿ. ಆದ್ರೆ ಕಂಡಿದ್ದನ್ನಾದ್ರೂ ಬರೀರಿ! ಏಳು ವರ್ಷ ಒಂದು ಮೀನು ಎದುರಿಗಿದ್ದಿದ್ರೆ ನಾಲ್ಕು ಸಾಲು ಬರೀತಿದ್ರಾ ನೀವು?"

ಅವರು ನನ್ನನ್ನು ನೋಡಿದರು. ಕಪ್ಪು ಕೆಳಗಿಟ್ಟರು. ಎದ್ದು ಒಳಗೆ ಹೋದರು. ಎಷ್ಟೋ ಹೊತ್ತು ಪೆಟ್ಟಿಗೆ ಎಳೆಯುವ ಸದ್ದು. ನಾನು ಒಂದೇ ತೋಳಿನ ಕೋಟಿನಲ್ಲಿ ನಿಂತೇ ಇದ್ದೆ. ಹಸಿರು ಬಟ್ಟೆಯ ರಟ್ಟಿನ ಏಳು ನೋಟುಪುಸ್ತಕ ಹೊತ್ತು ತಂದು ಮೇಜಿನ ಮೇಲೆ ಹಾಕಿದರು. ಅವರು ಗುಹೆಗೆ ಒಯ್ಯುತ್ತಿದ್ದ ದಿನಚರಿಗಳು. ಎಡಪುಟದಲ್ಲಿ ಮನುಷ್ಯಮೀನು: ದಿನ, ನೀರಿನ ಶಾಖ, ಜಾಗ, ಚಲನೆ. ಬಲಪುಟದಲ್ಲಿ ವೆದ್ರಾನಾ.

ನಿಜ ಕಣೇ. ಅದೇ ಅಕ್ಷರ, ಅದೇ ಕ್ರಮ. ಅವರು ಕನ್ನಡಕ ಏರಿಸಿ ಓದುತ್ತ ಹೋದರು, ರೈಲಿನ ವೇಳಾಪಟ್ಟಿ ಓದುವ ದನಿಯಲ್ಲಿ:

"2013, ಜನವರಿ 19. ಮೇಲೆ ಹಿಮ, ನೀರು ಹನ್ನೊಂದು ಡಿಗ್ರಿ. ವೆದ್ರಾನಾ ಕೊಳದ ಅಂಚಿನಲ್ಲಿ ನಾಲ್ಕೂವರೆ ಗಂಟೆ ಕದಲಲಿಲ್ಲ. ಹೊರಗೆ ಬಂದಾಗ ಬೆರಳು ನೀಲಿ. ಮೊದಲ ಮಾತು: 'ಎರಡು ಸಲ ಉಸಿರಾಡಿತು.'

"2015, ಏಪ್ರಿಲ್ 4. ನಾನು ಮೂರನೇ ಮೀನನ್ನು ಎರಡನೇದು ಎಂದು ಬರೆದೆ. ಅವಳು ಎದುರು ಹೇಳಲಿಲ್ಲ. ಸಂಜೆ ತನ್ನ ಚಿತ್ರವನ್ನು ನನ್ನ ಚಿತ್ರದ ಪಕ್ಕ ಇಟ್ಟು ಚಹಾ ಮಾಡಲು ಹೋದಳು. ತಪ್ಪು ನನ್ನದು.

"2016, ನವೆಂಬರ್ 12. ಬಸ್ಸಿಲ್ಲ. ಹದಿನಾಲ್ಕು ಕಿಲೋಮೀಟರು ನಡೆದು ಬಂದಳು. ತಡವಾದದ್ದಕ್ಕೆ ಕ್ಷಮೆ ಕೇಳಿದಳು. ತಡ: ಆರು ನಿಮಿಷ.

"2017, ಮೇ 27. ಒಂದು ವರ್ಷದ ಅಳತೆಯಲ್ಲಿ ದೋಷವಿದೆಯೆಂದು ಅವಳೇ ಕಂಡುಹಿಡಿದಳು. ಯಾರಿಗೂ ತಿಳಿಯುತ್ತಿರಲಿಲ್ಲ. ಆ ವರ್ಷವನ್ನು ಪೂರ್ತಿ ಕೈಬಿಟ್ಟಳು. ಅಳಲಿಲ್ಲ. ಮರುದಿನ ಮತ್ತೆ ಇಳಿದಳು."

ಲ್ಯೆರ್ಕಾ, ನನ್ನ ತೋಳಿನ ರೋಮ ನಿಂತಿತು. ಕತ್ತಲೆಯಲ್ಲಿ ಒಂದು ಜೀವ ಕದಲದೆ ಕೂತಿದೆ. ಅದನ್ನು ನೋಡುತ್ತ ಒಬ್ಬ ಹುಡುಗಿ ಕದಲದೆ ಕೂತಿದ್ದಾಳೆ. ಅವಳನ್ನು ನೋಡುತ್ತ ಈ ಮುದುಕ ಕದಲದೆ ಕೂತಿದ್ದಾರೆ, ಏಳು ವರ್ಷ. ಮೂವರಲ್ಲಿ ಒಬ್ಬರೂ ಬಾಯಿಬಿಟ್ಟು ಒಂದು ಮಾತು ಹೇಳಿಲ್ಲ. ಇಷ್ಟು ಗಮನವನ್ನು ಯಾರಾದರೂ ನನ್ನ ಮೇಲೆ ಇಟ್ಟಿದ್ದರೆ ನಾನು ಏನಾಗುತ್ತಿದ್ದೆನೋ ಎಂದುಕೊಂಡೆ. ಇಡೀ ಕೋಣೆ ದೊಡ್ಡದಾದ ಹಾಗೆ, ನಾನು ಯಾವುದೋ ಮಸೀದಿಯ ಗುಮ್ಮಟದ ಕೆಳಗೆ ನಿಂತ ಹಾಗೆ ಆಯಿತು. ನಿಂತದ್ದು ಮಾತ್ರ ಕಲ್ಲಿದ್ದಲ ಒಲೆಯ ಪಕ್ಕ.

"ಇದನ್ನೇ," ಎಂದೆ. ಕೋಟು ಕಳಚಿ ಕುರ್ಚಿಗೆ ಹಾಕಿದೆ. "ಇದನ್ನೇ ಒಂದು ಪುಟ ಬರೀರಿ. ಒಂದು ವಿಶೇಷಣ ಬೇಡ."

"ವಿಶೇಷಣ ಇಲ್ಲದೇ ಇದ್ರೆ ಹೊಗಳಿಕೆ ಅಲ್ಲ ಅಲ್ವಾ?" ಎಂದು ಅನುಮಾನದಿಂದ ಕೇಳಿದರು.

"ಖಂಡಿತ ಅಲ್ಲ. ಇದು ಬರೀ ವರದಿ."

ಹಾಗೆ ಒಪ್ಪಿಸಿದೆ. ಅವರು ಹೇಳಿದರು, ನಾನು ಅಲ್ಲೇ ಕೂತು ಬರೆದುಕೊಂಡೆ. ಹದಿನೇಳು ದಿನಾಂಕಗಳು, ಒಂದು ಪುಟ. ಒಂದು ಕಡೆ 'ತಾಳ್ಮೆಯಿಂದ' ಎಂದು ಸೇರಿಸಿದೆ. ಓದಿ ನೋಡಿ, "ಇದು ನಾನು ಹೇಳಿದ್ದಲ್ಲ" ಎಂದು ಹೊಡೆದು ಹಾಕಿದರು. ಶೇಕಡಾವಾರು ನಮೂನೆಯನ್ನು ಮುಟ್ಟಲೇ ಇಲ್ಲ. 28ರ ಬೆಳಿಗ್ಗೆ ಪತ್ರ ವಿಯೆನ್ನಾಕ್ಕೆ ಹೋಯಿತು.

ನವೆಂಬರಿನಲ್ಲಿ ಅಲ್ಲಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. "ನಮಗೊಂದು ಸಂಶಯ. ಇದು ಪ್ರಾಣಿಯ ವೀಕ್ಷಣಾ ವರದಿಯೋ, ಅಭ್ಯರ್ಥಿಯ ಶಿಫಾರಸೋ?" ಎಂದು ಕೇಳಿದಳು. "ನಮ್ಮೂರಲ್ಲಿ ಎರಡೂ ಒಂದೇ" ಎಂದೆ. ಆಮೇಲೆ ಅವಳು, "ಸಮಿತಿಯಲ್ಲಿ ಇದನ್ನ ಗಟ್ಟಿಯಾಗಿ ಓದಿದ್ವಿ. ಓದಿ ಮುಗಿದ ಮೇಲೆ ಮುಂದಿನ ಅರ್ಜಿ ತೆಗೀಲಿಲ್ಲ, ಚಹಾ ವಿರಾಮ ಕೊಟ್ವಿ" ಎಂದಳು.

ಮೊನ್ನೆ ಗುರುವಾರ ಫಲಿತಾಂಶ ಬಂತು. ಐದು ಜಾಗ, ನಾನೂರಕ್ಕೂ ಹೆಚ್ಚು ಅರ್ಜಿ. ಪಟ್ಟಿಯಲ್ಲಿ ಎರಡನೇ ಹೆಸರು ವೆದ್ರಾನಾ.

ಫೋನ್ ಮಾಡಿದೆ. ಅವಳು ಮೀನಿನ ತೊಟ್ಟಿಯ ಮಧ್ಯೆ ಇದ್ದಳು, ನೀರಿನ ಆರ್ಭಟ.

"ಸಿಕ್ತು ಕಣೇ!" ಎಂದು ಕೂಗಿದೆ.

"ಯಾರು ಸಿಕ್ರು?"

"ವಿಯೆನ್ನಾ! ನಾರ್ವೆ! ಎರಡು ವರ್ಷ!"

ಅವಳು ನೀರಿನ ಪಂಪು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, "ಮೇಡಂ, ನಾನಿಲ್ದೇ ಇದ್ರೆ ಡೀನ್ ಸಾಹೇಬ್ರನ್ನ ಯಾರು ನೋಡ್ಕೋತಾರೆ?" ಎಂದು ಕೇಳಿದಳು. ನೂರು ವರ್ಷ ಬದುಕುವ ಜೀವದ ಹತ್ತಿರ ಎರಡು ವರ್ಷದ ರಜೆ ಕೇಳುವವಳ ದನಿ ಅದು. ಏಪ್ರಿಲ್ ಒಂದಕ್ಕೆ ಹೊರಡುತ್ತಾಳೆ. ತಿಂಗಳಿಗೆರಡು ಶನಿವಾರ ನಾನು ಹೋಗಿ ಅಳತೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೇನೆ. ಈ ಹೊಟ್ಟೆಗೆ ಆ ಸಂದು ಕಿರಿದು, ಆದರೂ.

ನಿನ್ನೆ ಸೊಫ್ತಿಚರ ಮನೆಗೆ ಹೂರ್ಮಾಶಿತ್ಸೆ ಸಿಹಿ ಮಾಡಿಕೊಂಡು ಹೋದೆ. ಹಿಮ ಬಿದ್ದು ಏರು ಜಾರುತ್ತಿತ್ತು. ಪಾಕ ಚೆಲ್ಲದ ಹಾಗೆ ಡಬ್ಬಿ ಹಿಡಿದು ಹತ್ತಿದ್ದನ್ನು ನೀನು ನೋಡಬೇಕಿತ್ತು. ಸುದ್ದಿ ಕೇಳುತ್ತ ಅವರು ಡಬ್ಬಿಯ ಮುಚ್ಚಳ ತೆಗೆದರು. ಮೂರು ಹೂರ್ಮಾಶಿತ್ಸೆ ತಿಂದರು. ಈ ಸಲ ಮೂರೂ ಕಾಫಿ ಕ್ರಮವಾಗಿ ಕೊಟ್ಟರು. ನನಗೆ ನಾಲ್ಕನೆಯದನ್ನೂ ಕೊಟ್ಟರು. ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

ಬೋಜೊಗೆ ನನ್ನ ನೆನಪು ಹೇಳು. ನಿನ್ನ ಮೊಣಕಾಲಿಗೆ ಬೆಚ್ಚಗಿನ ಉಪ್ಪು ಕಟ್ಟು, ಮೆಟ್ಟಿಲು ಓಡಬೇಡ. ಮೀಸೆಯ ಕಪ್ಪೆ ಬರೆದ ಹುಡುಗನೂ ಅವನ ಇಡೀ ತರಗತಿಯೂ ಚೆನ್ನಾಗಿರಲಿ, ದೊಡ್ಡವರಾಗಲಿ, ಅವರನ್ನು ಹತ್ತಿರದಿಂದ ನೋಡುವ ಒಂದು ಜೊತೆ ಕಣ್ಣು ಅವರಿಗೆ ಸಿಗಲಿ. ನಿನ್ನ ಮನೆಯ ಕಿಟಕಿಗೆ ಒಳ್ಳೆಯ ಬಿಸಿಲು ಬರಲಿ.

ನಿನ್ನ,
ಮುಬೇರಾ

ಮರೆತ ಮಾತು: ಮರೆತದ್ದಲ್ಲ ಲ್ಯೆರ್ಕಾ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನೆ ಆ ನಾಲ್ಕನೇ ಕಾಫಿ ಕುಡಿಯುವಾಗ ಪ್ರೊಫೆಸರು ಹೇಳಿದರು: "ಹಾಗಾದ್ರೆ ಮನಸ್ಸು ಬಿಚ್ಚಿ ಬರೆದ್ರೂ ಕೆಡೋದಿಲ್ಲ ಅನ್ನು. ನಾನು ಜೀವಮಾನದಲ್ಲಿ ಇನ್ನೊಂದೇ ಸಲ ಬರೆದಿದ್ದೆ. ತೊಂಬತ್ತೊಂದರಲ್ಲಿ, ನಿಮ್ಮಿಬ್ಬರ ಫ್ರಾನ್ಸಿನ ಅರ್ಜಿಗೆ. ನಿನಗೆ ನಾಲ್ಕು ಸಾಲು, ಲ್ಯೆರ್ಕಾಗೆ ಒಂದು ಪುಟ. ಅವಳನ್ನ ಬಿಟ್ಟು ನಿನ್ನನ್ನ ತಗೊಂಡ್ರು. ಅವಳು ಯುದ್ಧದಲ್ಲಿ ಸಿಕ್ಕಿ ಹಾಕ್ಕೊಂಡ್ಳು. ಹೊಗಳಿ ನಾನೇ ಕಣ್ಣು ತಾಗಿಸಿದೆ ಅಂತ ಅವತ್ತಿಂದ ಯಾರಿಗೂ ನಾಲ್ಕು ಸಾಲಿನ ಮೇಲೆ ಬರೀಲಿಲ್ಲ. ಆ ಹುಡುಗಿ ಆಮೇಲೆ ನನ್ನ ಮುಖ ನೋಡೋಕೂ ಬರ್ಲಿಲ್ಲ."

ನಿನ್ನ ಪಾಲಿಗೆ ಅವರು ಪತ್ರವನ್ನೇ ಬರೆಯದ ಮನುಷ್ಯ. ಶಿಫಾರಸು ಬಂದಿಲ್ಲ, ಅರ್ಜಿ ಅಪೂರ್ಣ ಎಂದು ಫ್ರಾನ್ಸಿನಿಂದ ನಿನಗೆ ಬಂದ ಚೀಟಿಯನ್ನು ನಾನೇ ನಿನ್ನ ಪಕ್ಕ ಕೂತು ಓದಿದ್ದೆ, ನಿನ್ನ ಜೊತೆ ಸೇರಿ ಅವರನ್ನು ಬೈದಿದ್ದೆ. ಅವರು ಬರೆದಿದ್ದರು. ಅಂಚೆಗೆ ಹಾಕೆಂದು ಎರಡೂ ಲಕೋಟೆಗಳನ್ನು ನನ್ನ ಕೈಗೆ ಕೊಟ್ಟಿದ್ದರು. ನಿನ್ನದಕ್ಕೆ ಅಂಟು ಸರಿಯಾಗಿ ಹಿಡಿದಿರಲಿಲ್ಲ. ಟ್ರಾಮಿನಲ್ಲಿ ತೆರೆದು ಓದಿದೆ. ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯ ಹಾಗೆ ನೋಡಬಹುದೆಂದು ನನಗೆ ಗೊತ್ತಿರಲಿಲ್ಲ. ಜಾಗ ಒಂದೇ ಇತ್ತು. ನನ್ನದನ್ನು ಮಾತ್ರ ಪೆಟ್ಟಿಗೆಗೆ ಹಾಕಿದೆ. ಮರುವರ್ಷ ಮಾರ್ಚಿನಲ್ಲಿ ನಾನು ರೈಲು ಹತ್ತಿದೆ, ಏಪ್ರಿಲ್‌ನಲ್ಲಿ ಊರಿನ ಮೇಲೆ ಗುಂಡು ಬಿತ್ತು. ನೀನು ನಾಲ್ಕು ಚಳಿಗಾಲ ನೀರಿನ ಡಬ್ಬ ಹೊತ್ತೆ, ನಿನ್ನ ಅಮ್ಮನನ್ನು ಹೂಳಿದೆ. ಫ್ರಾನ್ಸಿನಿಂದ ಬಂದವಳು ಯಾಕೆ ಸಂಶೋಧನೆ ಬಿಟ್ಟೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ಆ ಜಾಗ ನಿನ್ನದು, ನನ್ನದಲ್ಲ, ಅದಕ್ಕೆ. ಟ್ರಕ್ ಓಡಿಸುವವನು, ಔಷಧಿ ಅಂಗಡಿಯವಳು, ಯಾರ ಪರವಾಗಿ ನಾನು ಇಷ್ಟು ವರ್ಷ ಪ್ರೊಫೆಸರ ಜೊತೆ ಜಗಳವಾಡಿದೆನೋ ಅವರೆಲ್ಲರ ನಾಲ್ಕು ಸಾಲುಗಳನ್ನೂ ಆ ದಿನ ಟ್ರಾಮಿನಲ್ಲಿ ಬರೆದವಳು ನಾನು.

ಆ ಪುಟವನ್ನು ಹರಿಯಲೂ ಆಗಲಿಲ್ಲ, ಸುಡಲೂ ಆಗಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ಅವರಿಗೆ ನಿನ್ನೆಯೂ ಹೇಳಲಿಲ್ಲ; ಮೊದಲು ನೀನು ಓದಬೇಕು. ಓದಿದ ಮೇಲೆ ನನಗೆ ಉತ್ತರ ಬರೆಯಬೇಡ, ಅವರಿಗೆ ಬರೆ. ಅವರಿಗೆ ಉಸಿರಾಟ ಚೆನ್ನಾಗಿಲ್ಲ. ನನ್ನನ್ನು ಬೈಯುವುದು ಆಮೇಲಾದರೂ ಆದೀತು.